ಸ್ಟೆಂಟ್ ಹಾಕಿಸಿಕೊಂಡವರಿಗೆ ಹಣ್ಣು: ಎಷ್ಟು, ಯಾವುದು, ರಸ ಕುಡಿದರೆ ಬ್ಲಾಕ್ ಕರಗುತ್ತದೆಯೇ?

ಓದುಗರ ಪ್ರಶ್ನೆ

"ನಾವು ಗದಗ-ಬೆಟಗೇರಿಯವರು. ನಮ್ಮ ಅಪ್ಪಾಜಿಗೆ 68 ವರ್ಷ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಹುಬ್ಬಳ್ಳಿಯಲ್ಲಿ ಒಂದು ಸ್ಟೆಂಟ್ ಹಾಕಿದರು. ಬಿಪಿ, ಶುಗರ್ ಮೊದಲಿಂದಲೂ ಇವೆ. ಅಟೊರ್ವಾಸ್ಟಾಟಿನ್ 40, ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ನಡೆದಿವೆ. ಹೋದ ತಿಂಗಳ ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 61, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.6, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) 1.3 ಇದೆ. ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದಾಳಿಂಬೆ-ಬೀಟ್‌ರೂಟ್ ರಸ ಒಂದು ದೊಡ್ಡ ಲೋಟ, ಸಂಜೆ ಒಂದು ಎಳನೀರು ಕುಡಿಯುತ್ತಿದ್ದಾರೆ. 'ಹಣ್ಣಿನ ರಸದಾಗ ಬ್ಲಾಕ್ ಕರಗತೈತಿ, ಕೊಲೆಸ್ಟರಾಲೂ ನಾರ್ಮಲ್ ಬಂದೈತಿ, ಇನ್ನ ಆ ಗುಳಗಿ ಯಾಕ?' ಅಂತಾರೆ. ಅವ್ವನದು ಇನ್ನೊಂದು ತುದಿ. ಶುಗರ್ ಇದ್ದವರಿಗೆ ಬಾಳೆಹಣ್ಣು, ಮಾವು, ಚಿಕ್ಕು ವಿಷ ಅಂತ ಮನೆಗೇ ತರಿಸುವುದಿಲ್ಲ, ಸೇಬು ಒಂದನ್ನೇ ಕೊಡುತ್ತಾಳೆ. ಮಗಳಾದ ನನಗೆ 44. ಎಲ್‌ಡಿಎಲ್ 148, ಬಿಪಿ 136/88. ಮೂರು ತಿಂಗಳು ಊಟ ಸರಿಮಾಡಿ ನೋಡಿ ಅಂದಿದ್ದಾರೆ. ನಾವಿಬ್ಬರೂ ಯಾವ ಹಣ್ಣು, ಎಷ್ಟು, ಯಾವಾಗ ತಿನ್ನಬೇಕು? ಅಪ್ಪಾಜಿ ಸೋಮವಾರ ಒಪ್ಪತ್ತು ಇರುತ್ತಾರೆ. ಅವತ್ತು ಹಣ್ಣಿನ ಮೇಲೇ ಇರಬಹುದಾ?"

ಉತ್ತರ

ಹಣ್ಣಿನ ವಿಷಯಕ್ಕೆ ಬರುವ ಮೊದಲು ಗುಳಿಗೆಯ ಮಾತು ಮುಗಿಸಿಬಿಡೋಣ. ನಿಮ್ಮ ಪತ್ರದಲ್ಲಿ ತುರ್ತಾಗಿರುವುದು ಅದು.

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಸ್ಟೆಂಟ್ ಎಂದರೆ ಲೋಹದ ಜಾಲರಿ. ರಕ್ತನಾಳದ ಒಳಪದರ ಬೆಳೆದು ಅದನ್ನು ಪೂರ್ತಿ ಮುಚ್ಚಿಕೊಳ್ಳುವ ತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಎಂಟನೇ ತಿಂಗಳಲ್ಲಿ ತಾವಾಗಿಯೇ ಗುಳಿಗೆ ಬಿಟ್ಟರೆ ಸ್ಟೆಂಟೇ ದಿಢೀರನೆ ಮುಚ್ಚಿಹೋಗಬಹುದು. ಯಾವ ಗುಳಿಗೆಯನ್ನು ಯಾವಾಗ ನಿಲ್ಲಿಸಬೇಕೆಂದು ಹೇಳಬೇಕಾದವರು ಸ್ಟೆಂಟ್ ಹಾಕಿದ ವೈದ್ಯರು.

ಇನ್ನು ಎಲ್‌ಡಿಎಲ್ 61. ಇದನ್ನು 'ಕೊಲೆಸ್ಟರಾಲ್ ಸರಿಹೋಯಿತು' ಎಂದು ಓದಿಕೊಳ್ಳುವವರು ಬಹಳ ಮಂದಿ. ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅಂದರೆ ಆ 61 ಗುಳಿಗೆಯ ಕೆಲಸ. ಬಿಟ್ಟ ಕೆಲವೇ ವಾರಗಳಲ್ಲಿ ಹಳೆಯ ಮಟ್ಟಕ್ಕೆ ಏರಿ ಕೂರುತ್ತದೆ. ಒಮ್ಮೆ ಅಟ್ಯಾಕ್ ಆದವರಿಗೆ 55ಕ್ಕಿಂತ ಕೆಳಗಿರಲಿ ಎಂದು ಈಗ ಹೃದ್ರೋಗ ತಜ್ಞರು ಬಯಸುತ್ತಾರೆ. ಹಾಗೆ ನೋಡಿದರೆ ನಿಮ್ಮ ತಂದೆಯವರಿಗೆ ಇನ್ನೊಂದು ಗುಳಿಗೆ ಸೇರಬಹುದೇ ಹೊರತು ಇದ್ದದ್ದು ಕಡಿಮೆಯಾಗುವ ಮಾತಿಲ್ಲ.

ಮನೆಯವರೆಲ್ಲರಿಗೂ ಗೊತ್ತಿರಲಿ: ಎದೆ ಹಿಂಡಿದಂತಾಗಿ, ತೋಳಿಗೆ ಅಥವಾ ದವಡೆಗೆ ಸೆಳೆತ ಹತ್ತಿ, ತಣ್ಣನೆ ಬೆವರು ಬಂದಾಗ ನಿಂಬೆ ಸೋಡಾ ಕುಡಿಸಿ 'ಗ್ಯಾಸ್ ಇರಬೇಕು' ಎಂದು ಕಾಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹುಬ್ಬಳ್ಳಿ ಮುಟ್ಟುವ ತನಕ ಕಾಯಬೇಕೆಂದಿಲ್ಲ.

ಬ್ಲಾಕ್ ಕರಗುತ್ತದೆಯೇ?

ಕರಗುವುದಿಲ್ಲ. ದಾಳಿಂಬೆಗೂ ಇಲ್ಲ, ಬೆಳ್ಳುಳ್ಳಿ-ಶುಂಠಿ-ನಿಂಬೆ-ವಿನೆಗರ್-ಜೇನು ಕುದಿಸಿದ ಕಷಾಯಕ್ಕೂ ಇಲ್ಲ. ಈ ನಂಬಿಕೆಯ ಬೇರು ಬ್ಲಾಕ್ ಎಂದರೆ ಪೈಪಿನೊಳಗೆ ಕಟ್ಟಿದ ಹೂಳು ಎಂಬ ಚಿತ್ರದಲ್ಲಿದೆ. ಹೂಳಾದರೆ ಹುಳಿ ಹಾಕಿ ತೊಳೆಯಬಹುದೇನೋ. ಆದರೆ ಇದು ಗೋಡೆಯ ಗಿಲಾವಿನ ಕೆಳಗೆ ಹಿಡಿದ ಉಬ್ಬಿನಂಥದ್ದು. ಕೊಬ್ಬು, ಉರಿಯೂತದ ಕೋಶಗಳು, ನಾರಿನಂಥ ಅಂಗಾಂಶ, ಸುಣ್ಣದ ಅಂಶ ಎಲ್ಲ ಸೇರಿ ರಕ್ತನಾಳದ ಗೋಡೆಯ ಒಳಗೆ ಕೂತಿರುತ್ತವೆ. ಮೇಲೊಂದು ಪದರ ಇರುತ್ತದೆ. ಆ ಪದರ ತೆಳುವಾಗಿ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಅಟ್ಯಾಕ್ ಆಗುತ್ತದೆ. ಅಟೊರ್ವಾಸ್ಟಾಟಿನ್‌ನಂಥ ಗುಳಿಗೆಗಳು ಎಲ್‌ಡಿಎಲ್ ಇಳಿಸುವುದರ ಜೊತೆಗೆ ಈ ಪದರವನ್ನು ಗಟ್ಟಿ ಮಾಡುತ್ತವೆ, ದೊಡ್ಡ ಡೋಸಿನಲ್ಲಿ ಉಬ್ಬನ್ನು ಸ್ವಲ್ಪ ಕುಗ್ಗಿಸುವುದೂ ಉಂಟು. ಲೋಟದಲ್ಲಿ ಕುಡಿದ ರಸ ಜೀರ್ಣವಾಗಿ ರಕ್ತಕ್ಕೆ ಸೇರುವ ಹೊತ್ತಿಗೆ ಅದು ಬರೀ ಸಕ್ಕರೆ, ಲವಣ, ಒಂದಿಷ್ಟು ಜೀವಸತ್ವ. ಆ ಉಬ್ಬನ್ನು ಹುಡುಕಿ ಕರಗಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಹಾಗಾದರೆ ಹಣ್ಣಿನಿಂದ ಏನು ಲಾಭ?

ಲಾಭ ಇದೆ, ನಿಧಾನದ್ದು. ಹೊಸ ಉಬ್ಬು ಬೆಳೆಯುವ ವೇಗವನ್ನು ವರ್ಷಾನುಗಟ್ಟಲೆ ತಗ್ಗಿಸುವ ಕೆಲಸ ಅದು. ಆ ಕೆಲಸ ಮೂರು ದಾರಿಯಲ್ಲಿ ನಡೆಯುತ್ತದೆ.

ಮೊದಲನೆಯದು ಬಿಪಿ. ಹಣ್ಣಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಶಿಯಂ ಸಾಕಷ್ಟು ಬಂದರೆ ಮೂತ್ರಪಿಂಡ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತದೆ, ರಕ್ತನಾಳದ ಸ್ನಾಯುಗಳು ಸಡಿಲಾಗುತ್ತವೆ. ನಮ್ಮ ಕಡೆಯ ಊಟವನ್ನು ನೆನೆಸಿಕೊಳ್ಳಿ: ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಡಿಗೆ, ಭಜಿ. ಉಪ್ಪಿಗೇನೂ ಬರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚೆ. ಪೊಟ್ಯಾಶಿಯಂ ಕನಿಷ್ಠ ಮೂರೂವರೆ ಗ್ರಾಂ. ನಮ್ಮಲ್ಲಿ ಮೊದಲನೆಯದು ಮಿತಿ ಮೀರುತ್ತದೆ, ಎರಡನೆಯದು ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಪ್ರಯೋಗದಲ್ಲಿ ಬರೀ ಹಣ್ಣು-ತರಕಾರಿ ಹೆಚ್ಚಿಸಿದ ಗುಂಪಿನವರಿಗೆ ಎಂಟು ವಾರಗಳಲ್ಲಿ ಮೇಲಿನ ಬಿಪಿ ಸುಮಾರು 3ರಷ್ಟು ಇಳಿಯಿತು. ಜೊತೆಗೆ ಕೊಬ್ಬು ಕಡಿಮೆಯಿರುವ ಹಾಲು-ಮೊಸರು ಕೊಟ್ಟು, ಜಿಡ್ಡನ್ನೂ ಕಡಿತ ಮಾಡಿದ ಗುಂಪಿನಲ್ಲಿ, ಮೊದಲೇ ಬಿಪಿ ಇದ್ದವರಿಗೆ 11ರಷ್ಟು ಇಳಿಯಿತು. ಇದು ಒಂದು ಬಿಪಿ ಗುಳಿಗೆಯ ಪರಿಣಾಮಕ್ಕೆ ಹತ್ತಿರ. ನಿಮ್ಮ 136/88 ಅಂಚಿನಲ್ಲಿದೆ, ಆದ್ದರಿಂದ ಈ ಲೆಕ್ಕ ತಂದೆಯವರಿಗಿಂತ ನಿಮಗೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ನಾರು. ಪೇರಲ, ಸೇಬು, ಕಿತ್ತಳೆಯ ತೊಳೆ, ಇವುಗಳಲ್ಲಿ ಪೆಕ್ಟಿನ್ ಎಂಬ ಕರಗುವ ನಾರಿದೆ. ಅದು ಕರುಳಿನಲ್ಲಿ ಅಂಟಾಗಿ ಪಿತ್ತರಸವನ್ನು ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು ತಿಂದರೆ ಎಲ್‌ಡಿಎಲ್ ಶೇ 5ರಷ್ಟು ಇಳಿಯಬಹುದು. ಗುಳಿಗೆಯ ಶೇ 50ರ ಪಕ್ಕದಲ್ಲಿ ಇದನ್ನಿಟ್ಟು ತಂದೆಯವರಿಗೆ ತೋರಿಸಿ. ಅವರು ಲೆಕ್ಕ ಒಪ್ಪುವವರಾದರೆ ಉಪದೇಶಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದನ್ನು ಯಾರೂ ವಿಡಿಯೊದಲ್ಲಿ ಹೇಳುವುದಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು. ಹಣ್ಣು ಯಾವುದರ ಜಾಗದಲ್ಲಿ ಬಂತು? ಸಂಜೆ ನಾಲ್ಕೂವರೆಗೆ ಚಹಾದ ಜೊತೆ ಎರಡು ಮಿರ್ಚಿ ಭಜಿ, ಇಲ್ಲವೇ ನಾಲ್ಕು ಖಾರಿ ತಿನ್ನುವ ಜಾಗದಲ್ಲಿ ಒಂದು ಪೇರಲ ಬಂದರೆ ಕರಿದ ಎಣ್ಣೆ, ಬೇಕರಿಯ ವನಸ್ಪತಿ, ಮೈದಾ, ಉಪ್ಪು ನಾಲ್ಕೂ ಒಟ್ಟಿಗೆ ತಪ್ಪಿದವು. ಭಜಿಯನ್ನೂ ತಿಂದು ಮೇಲೊಂದು ಹಣ್ಣು ತಿಂದರೆ ಸೇರಿದ್ದು ಸಕ್ಕರೆ ಮಾತ್ರ.

ಬಣ್ಣದ ಹಣ್ಣುಗಳಲ್ಲಿರುವ ಪಾಲಿಫಿನಾಲ್, ಆ್ಯಂಟಿಆಕ್ಸಿಡೆಂಟ್ ಬಗ್ಗೆ ಬಹಳ ಮಾತು ಕೇಳಿರುತ್ತೀರಿ. ಅವು ರಕ್ತನಾಳದ ಒಳಪದರಕ್ಕೆ ಅನುಕೂಲ ಮಾಡುತ್ತವೆ ಎಂಬುದಕ್ಕೆ ಸಣ್ಣಪುಟ್ಟ ಪುರಾವೆಗಳಿವೆ. ಆದರೆ ಅವೇ ಅಂಶಗಳನ್ನು ಗುಳಿಗೆಯಲ್ಲಿ ತುಂಬಿ ಕೊಟ್ಟಾಗ ಹೃದಯಕ್ಕೆ ಲಾಭವಾಗಲಿಲ್ಲ. ವಿಟಮಿನ್ ಇ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2000ದಲ್ಲಿ ಪ್ರಕಟವಾಯಿತು, ಏನೂ ಸಿಗಲಿಲ್ಲ. ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು. 'ಹಣ್ಣಿನ ಸಾರ' ಎಂದು ಡಬ್ಬಿಯಲ್ಲಿ ಮಾರುವ ಪುಡಿಗೆ ದುಡ್ಡು ಸುರಿಯಬೇಡಿ.

ಎಷ್ಟು ನಂಬಬಹುದು?

ಹಣ್ಣಿಗೆ ಎಷ್ಟು ಮಹತ್ವ ಎಂದು ಸರಿಯಾಗಿ ಹೇಳುವುದು 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ. 52 ದೇಶಗಳಲ್ಲಿ ಮೊದಲ ಸಲ ಅಟ್ಯಾಕ್ ಆದವರನ್ನು ಆಗದವರ ಜೊತೆ ಹೋಲಿಸಿ ನೋಡಿದಾಗ, ದಿನಾ ಹಣ್ಣು-ತರಕಾರಿ ತಿನ್ನದಿರುವುದು ಒಟ್ಟು ಅಪಾಯದಲ್ಲಿ ಸುಮಾರು ಶೇ 14ರ ಪಾಲು ಪಡೆಯಿತು. ಧೂಮಪಾನದ್ದು ಶೇ 36ರಷ್ಟು. ಕೊಬ್ಬಿನ ಏರುಪೇರು ಇವೆಲ್ಲಕ್ಕಿಂತ ಮುಂದೆ. ಇದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬಂದ ವಯಸ್ಸು 53ರ ಆಸುಪಾಸು, ಉಳಿದ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲು. ತಂದೆಗೆ ಅಟ್ಯಾಕ್ ಆಗಿರುವ 44ರ ಮಗಳು ಇದನ್ನು ಗಮನಿಸಬೇಕು.

ಚೀನಾದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದ ವರದಿ 2016ರಲ್ಲಿ ಬಂತು. ದಿನಾ ತಾಜಾ ಹಣ್ಣು ತಿನ್ನುವವರಲ್ಲಿ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವು, ಎಂದೂ ತಿನ್ನದವರಿಗಿಂತ ಶೇ 40ರಷ್ಟು ಕಡಿಮೆ ಕಂಡಿತು. ಅಂಕಿ ದೊಡ್ಡದು, ಹಾಗೆಂದು ಕುಣಿಯುವಂತಿಲ್ಲ. ದಿನಾ ಹಣ್ಣು ತಿನ್ನುವವರು ಕೈಯಲ್ಲಿ ನಾಲ್ಕು ಕಾಸು ಇರುವವರು, ಬೀಡಿ-ಸಿಗರೇಟು ಕಡಿಮೆ ಸೇದುವವರು, ಆಸ್ಪತ್ರೆಗೆ ಬೇಗ ಹೋಗುವವರು. ಲೆಕ್ಕದಲ್ಲಿ ಇವನ್ನೆಲ್ಲ ಕಳೆದರೂ ಪೂರ್ತಿ ಕಳೆದಂತಾಗುವುದಿಲ್ಲ. ಭಾರತವೂ ಸೇರಿ 18 ದೇಶಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಿಂದ ಒಂದು ಉಪಯುಕ್ತ ಮಾತು ಸಿಕ್ಕಿತು: ಹಣ್ಣು, ತರಕಾರಿ, ಕಾಳು ಎಲ್ಲ ಸೇರಿ ದಿನಕ್ಕೆ 375ರಿಂದ 500 ಗ್ರಾಂ ತಿಂದರೆ ಸಿಗುವ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. ಬುಟ್ಟಿಗಟ್ಟಲೆ ತಿಂದರೆ ಅದು ದುಪ್ಪಟ್ಟಾಗುವುದಿಲ್ಲ.

ರಸದ ಲೋಟ

ಅರ್ಧ ಲೋಟ ದಾಳಿಂಬೆ ರಸ, ಅರ್ಧ ಲೋಟ ಬೀಟ್‌ರೂಟ್ ರಸ ಎಂದಿಟ್ಟುಕೊಂಡರೂ 300 ಮಿಲಿ ಲೋಟದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಆರು ಚಮಚೆಯಷ್ಟು. ನಾರು ಮಿಕ್ಸರಿನ ಜರಡಿಯಲ್ಲೇ ಉಳಿಯಿತು. ಎರಡು ದಾಳಿಂಬೆ ಬಿಡಿಸಿ ಜಗಿಯಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಹೊಟ್ಟೆಯೇ ಸಾಕು ಅನ್ನುತ್ತದೆ. ರಸವಾದರೆ ಎರಡು ನಿಮಿಷದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯೂ ಹಣ್ಣಿನ ರಸದ ಸಕ್ಕರೆಯನ್ನು ಚಹಾಕ್ಕೆ ಹಾಕುವ ಸಕ್ಕರೆಯ ಸಾಲಿಗೇ ಸೇರಿಸಿದೆ. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಹಾಗೆ ಸೇರಿಸಿಲ್ಲ. ಎಚ್‌ಬಿಎ1ಸಿ 7.6 ಇರುವವರ ಬೆಳಗಿನ ಮೊದಲ ಆಹಾರ ಇದಾಗಬಾರದು. ಬೀಟ್‌ರೂಟಿನಲ್ಲಿರುವ ನೈಟ್ರೇಟ್ ಬಿಪಿಯನ್ನು ಸ್ವಲ್ಪ ಇಳಿಸುವುದು ನಿಜ. ಅದಕ್ಕೆ ವಾರಕ್ಕೆರಡು ಸಲ ಬೀಟ್‌ರೂಟ್ ಪಲ್ಯ ಮಾಡಿದರೆ ಆಯಿತು.

'ಖಾಲಿ ಹೊಟ್ಟೆಯಲ್ಲೇ ಹಣ್ಣು ತಿನ್ನಬೇಕು, ಊಟದ ಮೇಲೆ ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ' ಎಂಬುದಕ್ಕೆ ಆಧಾರವಿಲ್ಲ. ಜಠರದ ಆಮ್ಲದಲ್ಲಿ ಹಣ್ಣು ಕೊಳೆಯುವುದಿಲ್ಲ. ಶುಗರ್ ಇದ್ದವರಿಗೆ ಬರೀ ಹೊಟ್ಟೆಯಲ್ಲಿ ತಿನ್ನುವುದಕ್ಕಿಂತ ನಾಲ್ಕು ಕಾಳು ಹುರಿದ ಶೇಂಗಾ ಅಥವಾ ಒಂದು ವಾಟಿ ಮೊಸರಿನ ಜೊತೆ ತಿಂದರೆ ಸಕ್ಕರೆ ನಿಧಾನ ಏರುತ್ತದೆ.

ಅವ್ವನ ಸೇಬು

ಅವ್ವನವರ ಕಾಳಜಿ ದೊಡ್ಡದು, ಆಯ್ಕೆ ಮಾತ್ರ ದುಬಾರಿ. 100 ಗ್ರಾಂ ಸೇಬಿನಲ್ಲೂ 100 ಗ್ರಾಂ ಪೇರಲದಲ್ಲೂ ಕಾರ್ಬೊಹೈಡ್ರೇಟ್ 14 ಗ್ರಾಂನ ಆಸುಪಾಸು. ಆದರೆ ನಾರು ಸೇಬಿನಲ್ಲಿ ಎರಡೂವರೆ ಗ್ರಾಂ, ಪೇರಲದಲ್ಲಿ 5 ಗ್ರಾಂಗಿಂತ ಹೆಚ್ಚು. ವಿಟಮಿನ್ ಸಿ ಸೇಬಿನಲ್ಲಿ 5 ಮಿಲಿಗ್ರಾಂ, ಪೇರಲದಲ್ಲಿ 200ಕ್ಕೂ ಮಿಕ್ಕಿ. ನವಲೂರಿನ ಪೇರಲ ಬುಟ್ಟಿಯಲ್ಲಿ ಕೂತಿರುವಾಗ ಕಾಶ್ಮೀರದಿಂದ ಬಂದದ್ದೇ ಬೇಕೆಂದಿಲ್ಲ. ಕಿವಿ, ಬ್ಲೂಬೆರಿಗೂ ಇದೇ ಮಾತು.

ನಮ್ಮ ಭಾಗದಲ್ಲಿ ಕಾಲಕ್ಕೊಂದು ಹಣ್ಣಿದೆ. ಪಪ್ಪಾಯಿ, ಬಾಳೆ ವರ್ಷವಿಡೀ. ದಸರೆ-ದೀಪಾವಳಿಗೆ ಸೀತಾಫಲ, ಚಳಿಗೆ ಪೇರಲ ಮತ್ತು ನೆಲ್ಲಿಕಾಯಿ, ಸಂಕ್ರಾಂತಿಗೆ ಬಾರೆಹಣ್ಣು, ಬೇಸಿಗೆಗೆ ಕಲ್ಲಂಗಡಿ, ಆಮೇಲೆ ಧಾರವಾಡದ ಆಪೂಸು, ಮಳೆ ಹಿಡಿಯುವ ಹೊತ್ತಿಗೆ ನೇರಳೆ. ಹೀಗೆ ಬದಲಾಯಿಸುತ್ತ ತಿಂದರೆ ಯಾವ ಹಣ್ಣು ಶ್ರೇಷ್ಠ ಎಂಬ ಪ್ರಶ್ನೆಯೇ ಏಳುವುದಿಲ್ಲ. ನೆಲ್ಲಿಕಾಯಿ ಮೊರಬ್ಬ, ಕ್ಯಾಂಡಿ, ಪ್ಯಾಕೆಟ್ಟಿನ ಮಾವಿನ ಪೇಯ ಇವು ಹಣ್ಣಿನ ಲೆಕ್ಕಕ್ಕೆ ಬರುವುದಿಲ್ಲ, ಅವು ಸಕ್ಕರೆಯ ಲೆಕ್ಕ.

ಶುಗರ್ ಇದ್ದವರಿಗೆ ಯಾವ ಹಣ್ಣೂ ವಿಷವಲ್ಲ. ಪ್ರಮಾಣ ಮಾತ್ರ ಬೇರೆಬೇರೆ. ಒಂದು ಪಾಲು ಎಂದರೆ ಸುಮಾರು 15 ಗ್ರಾಂ ಕಾರ್ಬೊಹೈಡ್ರೇಟ್ ಕೊಡುವಷ್ಟು ಎಂದು ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಮಧ್ಯಮ ಗಾತ್ರದ ಒಂದು ಪೇರಲ, ಸಿಪ್ಪೆ-ಬೀಜ ತೆಗೆದ ಪಪ್ಪಾಯಿ 140 ಗ್ರಾಂ, ಕಲ್ಲಂಗಡಿ 200 ಗ್ರಾಂ, ಒಂದು ಕಿತ್ತಳೆ, ಬಿಡಿಸಿದ ದಾಳಿಂಬೆ ಕಾಳು 80 ಗ್ರಾಂ, ಹದಿನೈದು ದ್ರಾಕ್ಷಿ, ಒಂದು ಸಣ್ಣ ಚಿಕ್ಕು, ಅರ್ಧ ಸೀತಾಫಲ. ಬಾಳೆಯಲ್ಲಿ ತಳಿ ನೋಡಬೇಕು. ಏಲಕ್ಕಿ ಬಾಳೆಯಾದರೆ ಒಂದು, ಉದ್ದನೆಯ ಪಚ್ಚಬಾಳೆಯಾದರೆ ಅರ್ಧ. ಅದೂ ಕಪ್ಪು ಚುಕ್ಕೆ ಮೂಡುವ ಮೊದಲೇ, ಕಳಿತಷ್ಟೂ ಪಿಷ್ಟ ಸಕ್ಕರೆಯಾಗಿರುತ್ತದೆ. ಆಪೂಸು ಮಾವು ಅರ್ಧ, ಅವತ್ತು ಊಟದಲ್ಲಿ ಅರ್ಧ ರೊಟ್ಟಿ ಕಡಿಮೆ. ಸೀಕರಣಿ ಬೇರೆ ವಿಷಯ: ಒಂದು ಬಟ್ಟಲಿಗೆ ಎರಡು ಹಣ್ಣು, ಮೇಲೆ ಸಕ್ಕರೆ, ಪಕ್ಕದಲ್ಲಿ ಹೋಳಿಗೆ. ಹಬ್ಬಕ್ಕೆ ಬೇಕೇ ಬೇಕೆಂದರೆ ಸಕ್ಕರೆ ಹಾಕದೆ ಸಣ್ಣ ವಾಟಿ ಕೊಡಿ, ಹೋಳಿಗೆ ಬಿಡಿಸಿ. ಒಣ ಹಣ್ಣಿನಲ್ಲಿ ನೀರು ಹೋಗಿ ಸಕ್ಕರೆ ದಟ್ಟವಾಗಿರುತ್ತದೆ, ಎರಡು ಸಣ್ಣ ಖರ್ಜೂರ ಅಥವಾ ಒಂದೂವರೆ ಚಮಚೆ ಒಣದ್ರಾಕ್ಷಿ ಸಾಕು.

ತಂದೆಯವರಿಗೆ ದಿನಕ್ಕೆ ಎರಡು ಪಾಲು: ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕೂವರೆಗೆ ಒಂದು. ಎರಡನ್ನೂ ಒಟ್ಟಿಗೆ ತಿನ್ನಬಾರದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅವ್ವನವರ ವಾದ ಬಗೆಹರಿಸುವುದು ಸುಲಭ. ಹಣ್ಣು ತಿನ್ನುವ ಮೊದಲು ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ನೋಡಿ. 50ಕ್ಕಿಂತ ಹೆಚ್ಚು ಏರಿದರೆ, ಅಥವಾ 180 ದಾಟಿದರೆ ಆ ಹಣ್ಣಿನ ಪಾಲನ್ನು ಅರ್ಧ ಮಾಡಿ. ನಾಲ್ಕೈದು ಹಣ್ಣಿಗೆ ಹೀಗೆ ಮಾಡಿದರೆ ನಿಮ್ಮ ತಂದೆಯ ದೇಹಕ್ಕೆ ಹೊಂದುವ ಪಟ್ಟಿ ಸಿದ್ಧವಾಗುತ್ತದೆ, ಯಾರ ವಿಡಿಯೊವೂ ಬೇಕಾಗುವುದಿಲ್ಲ.

ಪೇರಲದ ಬಗ್ಗೆ ಒಂದು ತಕರಾರು. ಗಾಡಿಯವರು ಸೀಳಿ ಉಪ್ಪು-ಖಾರ ತುಂಬಿ ಕೊಡುತ್ತಾರಲ್ಲ, ಆ ಉಪ್ಪು ಕಾಲು ಚಮಚೆ ಆದರೂ 500 ಮಿಲಿಗ್ರಾಂ ಸೋಡಿಯಂ ಬಂತು. ಹಣ್ಣಿನಲ್ಲಿದ್ದ 400 ಮಿಲಿಗ್ರಾಂ ಪೊಟ್ಯಾಶಿಯಂ ಅದರ ಮುಂದೆ ಸೋತಿತು. ಖಾರ ಇರಲಿ, ಉಪ್ಪು ಬೇಡ ಅನ್ನಿ. ಮನೆಯಲ್ಲಾದರೆ ಲಿಂಬೆ ಹಿಂಡಿ, ಸ್ವಲ್ಪ ಜೀರಿಗೆ ಪುಡಿ ಉದುರಿಸಿ. ಹಲ್ಲು ಸಡಿಲಿದ್ದರೆ ಬೀಜದ ಭಾಗ ತೆಗೆದು ಕೊಡಿ, ಸಿಪ್ಪೆ ತೆಗೆಯಬೇಡಿ.

ಪೊಟ್ಯಾಶಿಯಂ: ತಂದೆಯವರ ವಿಷಯದಲ್ಲಿ ನಿಜವಾದ ಎಚ್ಚರಿಕೆ

ನಿಮ್ಮ ಪಟ್ಟಿಯಲ್ಲಿ ಕ್ರಿಯಾಟಿನಿನ್ 1.3 ಇದೆ, ಪೊಟ್ಯಾಶಿಯಂ ಇಲ್ಲ. 68 ವರ್ಷದ ಗಂಡಸಿಗೆ 1.3 ಎಂದರೆ ಮೂತ್ರಪಿಂಡದ ಸೋಸುವ ಶಕ್ತಿ, ಲ್ಯಾಬಿನವರು ಇಜಿಎಫ್ಆರ್ ಎಂದು ಬರೆಯುವುದು, 60ರ ಹತ್ತಿರ. ಇದು ಸಹಜದ ಕೊನೆಯ ಅಂಚು. ಮೇಲಿಂದ ಟೆಲ್ಮಿಸಾರ್ಟನ್ ನಡೆದಿದೆ. ಬಿಪಿಗೆ, ಹೃದಯಕ್ಕೆ ಒಳ್ಳೆಯ ಗುಳಿಗೆಯೇ, ಆದರೆ ಅದು ಪೊಟ್ಯಾಶಿಯಂ ಅನ್ನು ದೇಹದಲ್ಲಿ ಉಳಿಸುತ್ತದೆ. ಒಂದು ಎಳನೀರಿನಲ್ಲಿ ಸುಮಾರು 500ರಿಂದ 700 ಮಿಲಿಗ್ರಾಂ ಪೊಟ್ಯಾಶಿಯಂ. ದಾಳಿಂಬೆ-ಬೀಟ್‌ರೂಟ್ ಲೋಟದಲ್ಲಿ ಹೆಚ್ಚುಕಡಿಮೆ ಅಷ್ಟೇ. ದ್ರವವಾದ್ದರಿಂದ ಬೇಗ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ಇದು ಏನೂ ಅಲ್ಲ. ಅದು ಸೋತಿರುವವರಲ್ಲಿ ಪೊಟ್ಯಾಶಿಯಂ ಏರಿದರೆ ಮೊದಲು ಯಾವ ಲಕ್ಷಣವೂ ಕಾಣದೆ ನೇರವಾಗಿ ಹೃದಯದ ಬಡಿತ ತಪ್ಪಬಹುದು. ಹೃದಯಕ್ಕೆಂದು ಕುಡಿದದ್ದೇ ಹೃದಯಕ್ಕೆ ಮುಳುವಾಗುವ ದಾರಿ ಇದು.

ಆದ್ದರಿಂದ ಈ ವಾರವೇ ಸೀರಂ ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬೆಳಗಿನ ರಸ, ದಿನದ ಎಳನೀರು ಎರಡೂ ನಿಲ್ಲಲಿ. ಪೊಟ್ಯಾಶಿಯಂ 5.0ರ ಒಳಗಿದ್ದರೆ ಮೇಲೆ ಹೇಳಿದ ಎರಡು ಪಾಲು ಹಣ್ಣಿಗೆ ಅಡ್ಡಿಯಿಲ್ಲ, ಎಳನೀರು ವಾರಕ್ಕೊಮ್ಮೆ ಕುಡಿಯಲಿ. 5.0ರಿಂದ 5.5ರ ನಡುವೆ ಬಂದರೆ ಎಳನೀರು ಬೇಡ, ಬಾಳೆ ಮತ್ತು ಪೇರಲದ ಬದಲು ಸೇಬು, ಪೇರ್, ಅನಾನಸ್‌ನಂಥ ಪೊಟ್ಯಾಶಿಯಂ ಕಡಿಮೆಯಿರುವ ಹಣ್ಣು ಕೊಟ್ಟು ವೈದ್ಯರನ್ನು ಕಾಣಿ. ಹಾಗೇನಾದರೂ ಆದರೆ ಅವ್ವನ ಸೇಬೇ ಸರಿಯಾದೀತು. 5.5 ದಾಟಿದ್ದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. 'ಲೋ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ಬಿಪಿಗೆ ಒಳ್ಳೆಯದೆಂದು ಯಾರಾದರೂ ತಂದುಕೊಟ್ಟಿದ್ದರೆ ಅದನ್ನೂ ತೆಗೆದಿಡಿ. ನಕ್ಷತ್ರದಾಕಾರದ ಕಮರಾಕ್ಷಿ ಹಣ್ಣನ್ನು ಮೂತ್ರಪಿಂಡ ಸೋತವರು ಒಂದು ಹೋಳೂ ತಿನ್ನಬಾರದು, ಅದರಲ್ಲಿ ನರಕ್ಕೆ ವಿಷವಾಗುವ ಅಂಶ ಇದೆ.

ಗುಳಿಗೆಯ ಜೊತೆ ಹೊಂದದ ಇನ್ನೊಂದು ಹಣ್ಣು ಗ್ರೇಪ್‌ಫ್ರೂಟ್, ಅದರ ಬಳಗದ ಚಕ್ಕೋತವೂ ಹೌದು. ಕರುಳಿನಲ್ಲಿ ಅಟೊರ್ವಾಸ್ಟಾಟಿನ್ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಗುಳಿಗೆಯ ಮಟ್ಟ ರಕ್ತದಲ್ಲಿ ಏರಿ ಸ್ನಾಯು ನೋವು ಬರಬಹುದು. ಕ್ಲೊಪಿಡೊಗ್ರೆಲ್ ಕೆಲಸವನ್ನೂ ಗ್ರೇಪ್‌ಫ್ರೂಟ್ ರಸ ಕುಂದಿಸುತ್ತದೆ. ಸ್ಟೆಂಟ್ ಇರುವವರು ಇವೆರಡನ್ನೂ ಬಿಟ್ಟುಬಿಡುವುದು ಲೇಸು. ಮೋಸಂಬಿ, ಕಿತ್ತಳೆ, ಲಿಂಬೆಗೆ ಈ ತೊಂದರೆ ಇಲ್ಲ.

ನಿಮಗೆ

ನಿಮಗೆ ಶುಗರ್ ಇಲ್ಲದಿದ್ದರೆ ದಿನಕ್ಕೆ ಮೂರು ಪಾಲಿನವರೆಗೆ ತಿನ್ನಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಊಟಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ-ಸೊಪ್ಪು ಎಂದಿದೆ. ತರಕಾರಿಯ ಭಾಗದಲ್ಲಿ ನಮ್ಮ ರೊಟ್ಟಿ ಊಟ ಹಿಂದೆ ಬಿದ್ದಿಲ್ಲ. ಹಕ್ಕರಕಿ, ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಹಸಿ ಉಳ್ಳಾಗಡ್ಡಿ, ಜೊತೆಗೊಂದು ಕಾಳುಪಲ್ಯ ಇದ್ದರೆ ಅರ್ಧ ದಾರಿ ಬಂದಂತೆ. ಊಟದ ತಾಟಿನಲ್ಲಿ ಇದು ಕಾಣುತ್ತಿಲ್ಲವೆಂದರೆ ಮೊದಲು ಅದನ್ನು ತನ್ನಿ, ಹಣ್ಣು ಆಮೇಲೆ.

ಹಣ್ಣು ಒಂದರಿಂದಲೇ 148 ಇಳಿಯುವುದಿಲ್ಲ. ಬೇಕರಿಯ ಖಾರಿ-ಪಫ್, ವನಸ್ಪತಿ, ವಾರದ ಪೇಡಾ, ಕೆನೆಹಾಲಿನ ಚಹಾ ಇವು ಕಡಿಮೆಯಾಗಿ, ಕಾಳು-ನಾರು ಹೆಚ್ಚಾಗಿ, ಹಿಡಿಯಷ್ಟು ಶೇಂಗಾ ಅಥವಾ ಬಾದಾಮಿ ಸೇರಿದರೆ ಮೂರು ತಿಂಗಳಲ್ಲಿ ಶೇ 10ರಿಂದ 15 ಇಳಿಯಬಹುದು, ಎಂದರೆ 130ರ ಆಸುಪಾಸು. ಅದಕ್ಕಿಂತ ಹೆಚ್ಚು ನಿರೀಕ್ಷಿಸಿ ನಿರಾಶರಾಗಬೇಡಿ. ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ಟಿಎಸ್ಎಚ್ ಒಮ್ಮೆ ನೋಡಿಸಿ. ಮೂರು ತಿಂಗಳ ಮೇಲೂ ಸಂಖ್ಯೆ ಜಗ್ಗದಿದ್ದರೆ, ತಂದೆಯ ಇತಿಹಾಸವನ್ನೂ ಸೇರಿಸಿ ನಿಮ್ಮ ವೈದ್ಯರು ಗುಳಿಗೆಯ ಮಾತೆತ್ತಬಹುದು. ಊಟದಲ್ಲಿ ನೀವು ಸೋತಿರಿ ಎಂದು ಅದರ ಅರ್ಥವಲ್ಲ, ಕೆಲವರ ಯಕೃತ್ತು ಹುಟ್ಟಿನಿಂದಲೇ ಹಾಗಿರುತ್ತದೆ.

ಸೋಮವಾರದ ಒಪ್ಪತ್ತು

ಇಲ್ಲಿ ಹಣ್ಣಿಗಿಂತ ಗ್ಲಿಮೆಪಿರೈಡ್ ಮುಖ್ಯ. ಆ ಗುಳಿಗೆ ಊಟ ಬಂತೋ ಇಲ್ಲವೋ ನೋಡದೆ ಇನ್ಸುಲಿನ್ ಬಿಡಿಸುತ್ತದೆ. ಬೆಳಿಗ್ಗೆ ಗುಳಿಗೆ ನುಂಗಿ ಮಧ್ಯಾಹ್ನದ ತನಕ ಒಂದು ಬಾಳೆಹಣ್ಣಿನ ಮೇಲೆ ಇದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಅಟ್ಯಾಕ್ ಆದ ಹೃದಯಕ್ಕೆ ಅದು ಒಳ್ಳೆಯದಲ್ಲ. ಸಂಜೆ ಒಪ್ಪತ್ತು ಬಿಡುವಾಗ ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಹಾಲು-ಸಕ್ಕರೆ ಒಟ್ಟಿಗೆ ಬಿದ್ದರೆ ಅದೇ ಸಕ್ಕರೆ 250ಕ್ಕೆ ಹಾರುತ್ತದೆ. ಸಾಬೂದಾಣಿ ಎಂದರೆ ಬರೀ ಪಿಷ್ಟ, ಹಣ್ಣಿಗಿಂತ ಅದೇ ಹೆಚ್ಚು ಕೆಡಿಸುತ್ತದೆ.

ಒಪ್ಪತ್ತು ಬಿಡಿಸುವುದು ನಿಮ್ಮಿಂದ ಆಗದ ಮಾತು, ಬಿಡಿಸಬೇಕಾಗಿಯೂ ಇಲ್ಲ. ಸೋಮವಾರದ ಗ್ಲಿಮೆಪಿರೈಡ್ ಅನ್ನು ಬಿಡಬೇಕೋ, ಅರ್ಧ ಮಾಡಬೇಕೋ, ಊಟದ ಹೊತ್ತಿಗೆ ಸರಿಸಬೇಕೋ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ರಕ್ತ ತೆಳುಮಾಡುವ ಎರಡು ಗುಳಿಗೆ ಮತ್ತು ಅಟೊರ್ವಾಸ್ಟಾಟಿನ್ ಅವತ್ತೂ ತಪ್ಪಬಾರದು. ಬೆಳಿಗ್ಗೆ ಒಂದು ವಾಟಿ ಮೊಸರು ಮತ್ತು ಒಂದು ಪಾಲು ಪಪ್ಪಾಯಿ, ಹನ್ನೊಂದಕ್ಕೆ ಹಿಡಿ ಶೇಂಗಾ, ನಡುವೆ ಉಪ್ಪಿಲ್ಲದ ಮಜ್ಜಿಗೆ, ಸಂಜೆ ನಾಲ್ಕಕ್ಕೆ ಇನ್ನೊಂದು ಪಾಲು ಹಣ್ಣು, ರಾತ್ರಿ ಮಾಮೂಲಿ ಊಟ. ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬಂದರೆ ಒಪ್ಪತ್ತಿನ ನೇಮ ಪಕ್ಕಕ್ಕಿಟ್ಟು ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದ ಮೇಲೆ ಶುಗರ್ ನೋಡಿ, 70 ದಾಟಿರದಿದ್ದರೆ ಇನ್ನೊಮ್ಮೆ ಕುಡಿಸಿ. ದಾಟಿದ ಮೇಲೆ ಅರ್ಧ ರೊಟ್ಟಿಯಾದರೂ ತಿನ್ನಿಸಬೇಕು, ಗ್ಲಿಮೆಪಿರೈಡ್ ಕೆಲಸ ದಿನವಿಡೀ ನಡೆಯುವುದರಿಂದ ಸಕ್ಕರೆ ಮತ್ತೆ ಇಳಿಯುತ್ತದೆ. ಅಷ್ಟಾದರೂ ಮಂಪರು ಹೋಗದಿದ್ದರೆ, ಅಥವಾ ನುಂಗಲು ಆಗದಷ್ಟು ಪ್ರಜ್ಞೆ ತಪ್ಪಿದ್ದರೆ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.